ಕಿವಿಗೂ ಒಂದು ಗ್ರಂಥಾಲಯ

ಅಮೆರಿಕದಲ್ಲಿ ಮಗನ ಸಂಸಾರವೋ ಮಗಳ ಸಂಸಾರವೋ ಇದ್ದು, ಆಗೊಮ್ಮೆ ಈಗೊಮ್ಮೆ ಹೋಗಿ ನಾಲ್ಕಾರು ತಿಂಗಳು ಇದ್ದುಬರುವ ತಂದೆತಾಯಿಗಳು ಈಗ ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಹೋಗಿಬಂದವರ ಮಾತಿನಲ್ಲಿ ನಯಾಗರ, ಹಿಮ, ಅಗಲ ರಸ್ತೆಗಳ ಜೊತೆಗೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯವೂ ಬಂದೇ ಬರುತ್ತದೆ. ಮೊಮ್ಮಗುವನ್ನು ಕಥೆ ಕೇಳಿಸಲು ಕರೆದೊಯ್ದದ್ದು, ಒಂದೇ ಸಲಕ್ಕೆ ಚೀಲದ ತುಂಬ ಪುಸ್ತಕ ತಂದದ್ದು. ಆದರೆ ಆ ಗ್ರಂಥಾಲಯದ ಒಂದು ದೊಡ್ಡ ಭಾಗ ಕಟ್ಟಡದೊಳಗೆ ಇಲ್ಲವೇ ಇಲ್ಲ ಎಂಬುದು ಎಷ್ಟೋ ಜನರಿಗೆ, ಅಲ್ಲೇ ನೆಲೆಸಿದ ಮಕ್ಕಳಿಗೂ ಕೂಡ, ತಿಳಿದಿರುವುದಿಲ್ಲ. ಫೋನಿನಲ್ಲಿ ತೆರೆದುಕೊಳ್ಳುವ ಆ ಭಾಗದಲ್ಲಿ ಈ ವಾರದ ಪತ್ರಿಕೆಗಳಿವೆ, ಕೇಳುವ ಪುಸ್ತಕಗಳಿವೆ. ಒಳಗೆ ಹೋಗಲು ಅದೇ ಲೈಬ್ರರಿ ಕಾರ್ಡು ಸಾಕು.

ಅಲ್ಲಿನ ಬಹುತೇಕ ಊರುಗಳಲ್ಲಿ ಈ ಬಾಗಿಲಿನ ಹೆಸರು ಲಿಬ್ಬಿ. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ 1986ರಲ್ಲಿ ಶುರುವಾದ ಓವರ್‌ಡ್ರೈವ್ ಎಂಬ ಕಂಪನಿ 2017ರಲ್ಲಿ ತಂದ ಆ್ಯಪ್ ಇದು. ಕಂಪನಿ ಹುಟ್ಟಿದಾಗ ಅದರ ಕೆಲಸ ಪುಸ್ತಕಗಳನ್ನು ಫ್ಲಾಪಿ ಡಿಸ್ಕಿಗೆ ಇಳಿಸುವುದಾಗಿತ್ತು. 2003ರಲ್ಲಿ ಅದೇ ಊರಿನ ಸಾರ್ವಜನಿಕ ಗ್ರಂಥಾಲಯ ಇದರ ಮೂಲಕ ಓದುಗರಿಗೆ ಇ-ಪುಸ್ತಕ ಎರವಲು ಕೊಡಲು ಆರಂಭಿಸಿತು. ಇವತ್ತು ಆ್ಯಪ್ ತೆರೆದು ನಿಮ್ಮೂರಿನ ಗ್ರಂಥಾಲಯವನ್ನು ಹುಡುಕಿ, ಕಾರ್ಡಿನ ಸಂಖ್ಯೆ ಮತ್ತು ಪಿನ್ ಕೊಟ್ಟರೆ ಮುಗಿಯಿತು. ಹಣ ಕಟ್ಟುವ ಪುಟವೇ ಎದುರಾಗುವುದಿಲ್ಲ. ಅವಧಿ ಮುಗಿದ ದಿನ ಪುಸ್ತಕ ತಾನಾಗಿ ಮರಳಿ ಹೋಗುವುದರಿಂದ ತಡವಾದ ದಂಡದ ಮಾತೂ ಇಲ್ಲ.

ಮೊದಲು ಪತ್ರಿಕೆಗಳ ವಿಚಾರ ಹೇಳಬೇಕು. ಲಿಬ್ಬಿಗೆ ಬಂದವರು ಸಾಮಾನ್ಯವಾಗಿ ಕಾದಂಬರಿ ಹುಡುಕಿಕೊಂಡು ಬರುತ್ತಾರೆ. ಪತ್ರಿಕೆಗಳ ಕಪಾಟು ಕಣ್ಣಿಗೆ ಬೀಳುವುದು ಎಷ್ಟೋ ದಿನಗಳ ಮೇಲೆ. ಬಿದ್ದ ಮೇಲೆ ಬಿಡುವುದಿಲ್ಲ. ಓವರ್‌ಡ್ರೈವ್ 2020ರಲ್ಲಿ ಆರ್‌ಬಿಡಿಜಿಟಲ್ ಎಂಬ ಮತ್ತೊಂದು ಸೇವೆಯನ್ನು ಕೊಂಡುಕೊಂಡಿತು. ಆಮೇಲೆ ಸಾವಿರಾರು ನಿಯತಕಾಲಿಕಗಳು ಈ ಆ್ಯಪ್‌ನೊಳಕ್ಕೆ ಬಂದವು. ‘ದಿ ನ್ಯೂಯಾರ್ಕರ್’, ‘ದಿ ಎಕನಾಮಿಸ್ಟ್’ನಂಥ ವಾರಪತ್ರಿಕೆಗಳಿಂದ ಹಿಡಿದು ಅಡುಗೆ, ಕೈತೋಟ, ಹೆಣಿಗೆ, ಮರಗೆಲಸ, ಛಾಯಾಗ್ರಹಣದವರೆಗೆ. ಯಾವುದು ಸಿಗುತ್ತದೆ ಎಂಬುದು ಆಯಾ ಗ್ರಂಥಾಲಯದ ಆಯ್ಕೆ.

ನಮ್ಮ ಊರುಗಳ ವಾಚನಾಲಯದಲ್ಲಿ ಬೆಳೆದವರಿಗೆ ಹೊಸ ‘ಸುಧಾ’ದ, ಹೊಸ ‘ತರಂಗ’ದ ಪ್ರತಿ ಇನ್ನೊಬ್ಬರ ಕೈಯಿಂದ ಬಿಡುಗಡೆಯಾಗುವುದನ್ನು ಬೆಂಚಿನ ಮೇಲೆ ಕುಳಿತು ಕಾದದ್ದು ನೆನಪಿರುತ್ತದೆ. ಧಾರಾವಾಹಿಯ ಪುಟವನ್ನೇ ಯಾರೋ ಹರಿದುಕೊಂಡು ಹೋಗಿರುತ್ತಿದ್ದರು. ಡಿಜಿಟಲ್ ಪತ್ರಿಕೆಯಲ್ಲಿ ಆ ಕಾಯುವಿಕೆ ಇಲ್ಲ. ಒಂದೇ ಸಂಚಿಕೆಯನ್ನು ಊರಿನ ಸಾವಿರ ಜನ ಏಕಕಾಲಕ್ಕೆ ಓದಬಹುದು, ಏಕೆಂದರೆ ಗ್ರಂಥಾಲಯ ಪತ್ರಿಕೆಗಳಿಗೆ ಹಣ ಕಟ್ಟುವುದು ಪ್ರತಿಗಳ ಲೆಕ್ಕದಲ್ಲಲ್ಲ, ಇಡೀ ಕಪಾಟಿಗೆ ಸೇರಿಸಿ. ಹಾಗಾಗಿ ಎಷ್ಟು ಪತ್ರಿಕೆ ತೆಗೆದುಕೊಂಡರೂ ನಿಮ್ಮ ಪುಸ್ತಕಗಳ ಮಿತಿಯಿಂದ ಒಂದನ್ನೂ ಕಳೆಯುವುದಿಲ್ಲ. ಹಳೆಯ ಸಂಚಿಕೆಗಳೂ ಅಲ್ಲೇ ಇರುತ್ತವೆ. ಹೊಸದು ಬಂದಾಗ ತಿಳಿಸು ಎಂದು ಒಮ್ಮೆ ಗುರುತು ಹಾಕಿಟ್ಟರೆ ಬಂದ ದಿನವೇ ಸುದ್ದಿ ಬರುತ್ತದೆ. ಪುಟವನ್ನು ಅಚ್ಚಿನ ವಿನ್ಯಾಸದಲ್ಲೇ ನೋಡಬಹುದು. ಅನೇಕ ಪತ್ರಿಕೆಗಳಲ್ಲಿ ಲೇಖನವನ್ನಷ್ಟೇ ಬಿಡಿಸಿಕೊಂಡು ಅಕ್ಷರ ದೊಡ್ಡದು ಮಾಡಿ ಓದಬಹುದು. ಕಣ್ಣು ಮಂಜಾದವರಿಗೆ ಈ ಕೊನೆಯ ಅನುಕೂಲವೇ ಎಲ್ಲಕ್ಕಿಂತ ದೊಡ್ಡದು. ನನ್ನನ್ನು ಕೇಳಿದರೆ, ಚಂದಾ ಕಟ್ಟಿ ಮನೆಗೆ ತರಿಸಿಕೊಳ್ಳಲು ಆಗದಷ್ಟು ದುಬಾರಿಯಾದ ಪತ್ರಿಕೆಗಳನ್ನು ಸಾಮಾನ್ಯ ಓದುಗನ ಕೈಗೆ ತಲುಪಿಸಿದ್ದು ಈ ಇಡೀ ವ್ಯವಸ್ಥೆಯ ಅತ್ಯಂತ ಉದಾರವಾದ ಕೆಲಸ.

ಕೇಳುವ ಪುಸ್ತಕಗಳ ಸ್ವಭಾವ ಬೇರೆ. ಅಲ್ಲಿ ಸರದಿ ಇದೆ. ಹೊಸದಾಗಿ ಬಂದ ಜನಪ್ರಿಯ ಕಾದಂಬರಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಕಂಪ್ಯೂಟರಿನಲ್ಲಿರುವ ಕಡತವನ್ನು ಎಷ್ಟು ಜನರಿಗಾದರೂ ಕೊಡಬಹುದಲ್ಲ, ಕಾಯಿಸುವುದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದರ ಉತ್ತರ ತಂತ್ರಜ್ಞಾನದಲ್ಲಿಲ್ಲ, ಒಪ್ಪಂದದಲ್ಲಿದೆ. ಅಚ್ಚಾದ ಪುಸ್ತಕವನ್ನು ಗ್ರಂಥಾಲಯ ಕೊಂಡರೆ ಅದು ಗ್ರಂಥಾಲಯದ ಸ್ವಂತ ಆಸ್ತಿ. ರಟ್ಟು ಕಿತ್ತುಬರುವವರೆಗೂ ಕೊಡುತ್ತಲೇ ಇರಬಹುದು. ಡಿಜಿಟಲ್ ಪುಸ್ತಕವನ್ನು ಹಾಗೆ ಕೊಳ್ಳಲು ಆಗುವುದಿಲ್ಲ. ಸಿಗುವುದು ಪರವಾನಗಿ ಮಾತ್ರ. ಒಂದು ಪರವಾನಗಿಗೆ ಒಂದು ಹೊತ್ತಿಗೆ ಒಬ್ಬ ಓದುಗ. ಅದರಲ್ಲೂ ಕೆಲವು ಎರಡು ವರ್ಷಕ್ಕೆ ತೀರುತ್ತವೆ, ಕೆಲವು ಇಂತಿಷ್ಟು ಸಲ ಎರವಲು ಹೋದ ಮೇಲೆ ತೀರುತ್ತವೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಸಂಸ್ಥೆ ತನ್ನ ಇ-ಪುಸ್ತಕಕ್ಕೆ 26 ಎರವಲುಗಳ ಮಿತಿ ಹಾಕಿದಾಗ ಅಮೆರಿಕದ ಗ್ರಂಥಪಾಲಕರು ದೊಡ್ಡ ಪ್ರತಿಭಟನೆಯನ್ನೇ ಮಾಡಿದ್ದರು. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ ಹೊಸ ಇ-ಪುಸ್ತಕ ಬಿಡುಗಡೆಯಾದ ಮೊದಲ 8 ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಪ್ರತಿ ಎಂದು ನಿಯಮ ಮಾಡಿತು. ಊರು ಎಷ್ಟೇ ದೊಡ್ಡದಿರಲಿ, ಲಕ್ಷಾಂತರ ಓದುಗರಿಗೆ ಒಂದು ಪ್ರತಿ. ಹಲವು ಗ್ರಂಥಾಲಯಗಳು ಆ ಸಂಸ್ಥೆಯ ಇ-ಪುಸ್ತಕ ಕೊಳ್ಳುವುದನ್ನೇ ನಿಲ್ಲಿಸಿದವು. 2020ರ ಮಾರ್ಚಿನಲ್ಲಿ ನಿಯಮ ವಾಪಸಾಯಿತು.

ಇದನ್ನೆಲ್ಲ ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಫೋನಿನಲ್ಲಿ ಪುಕ್ಕಟೆ ಸಿಗುವುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ನಮಗಾಗಿಬಿಟ್ಟಿದೆ. ಯಾರೋ ಕದ್ದು ಹಾಕಿದ ಪಿಡಿಎಫ್, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುವ ಪುಸ್ತಕ, ಗ್ರಂಥಾಲಯದ ಡಿಜಿಟಲ್ ಪುಸ್ತಕ ಮೂರೂ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ. ಗ್ರಂಥಾಲಯದ ಪ್ರತಿಗೆ ಊರಿನವರ ತೆರಿಗೆಯ ಹಣ ಹೋಗಿದೆ, ಅನೇಕ ಸಲ ನಾವು ನೀವು ಕೊಳ್ಳುವ ಬೆಲೆಯ ಮೂರು ನಾಲ್ಕು ಪಟ್ಟು ಹೋಗಿದೆ, ಅದರಲ್ಲಿ ಲೇಖಕರಿಗೆ ಪಾಲು ಸೇರಿದೆ. ಓದುಗನಿಗೆ ಪುಕ್ಕಟೆ, ಆದರೆ ಯಾರಿಗೂ ಮೋಸವಿಲ್ಲ. ಇದೊಂದೇ ಕಾರಣಕ್ಕೆ ನಾನು ಈ ವ್ಯವಸ್ಥೆಯನ್ನು ಗೌರವಿಸುತ್ತೇನೆ.

ಲಿಬ್ಬಿಯ ಹಾಗೆಯೇ ಗ್ರಂಥಾಲಯಗಳ ಮೂಲಕ ಸಿಗುವ ಹೂಪ್ಲಾ ಎಂಬ ಇನ್ನೊಂದು ಸೇವೆ 2013ರಿಂದ ಇದೆ. ಅದರಲ್ಲಿ ಸರದಿ ಇಲ್ಲ; ನೀವು ಎರವಲು ಪಡೆದ ಪ್ರತಿ ಸಲವೂ ಗ್ರಂಥಾಲಯ ಹಣ ಕೊಡುತ್ತದೆ. ಆದ್ದರಿಂದ ತಿಂಗಳಿಗೆ ಇಷ್ಟೇ ಎಂಬ ಮಿತಿ ಇರುತ್ತದೆ.

ಕೇಳುವ ಪುಸ್ತಕ ಈ ಆ್ಯಪ್‌ಗಳ ಜೊತೆ ಹುಟ್ಟಿದ್ದಲ್ಲ. ಅದರ ಚರಿತ್ರೆ ಹಳೆಯದು, ಮತ್ತು ಅದನ್ನು ಮೊದಲು ಕೇಳಿದವರು ಅಂಧ ಓದುಗರು. ಅಂಧರಿಗಾಗಿ ಪುಸ್ತಕ ಒದಗಿಸುವ ಹೊಣೆಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ವಹಿಸಿದ ಪ್ರಾಟ್-ಸ್ಮೂಟ್ ಕಾಯ್ದೆ ಬಂದದ್ದು 1931ರಲ್ಲಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡವರು, ನಡುವಯಸ್ಸು ದಾಟಿದ ಮೇಲೆ ದೃಷ್ಟಿ ಹೋದವರು ಬ್ರೈಲ್ ಕಲಿಯುವುದು ಸುಲಭವಿರಲಿಲ್ಲ. ಅಂಥವರಿಗೆಂದು 1934ರಲ್ಲಿ ‘ಟಾಕಿಂಗ್ ಬುಕ್’ ಎಂಬ ಗ್ರಾಮಫೋನ್ ತಟ್ಟೆಗಳು ಬಂದವು. ನಿಮಿಷಕ್ಕೆ ಮೂವತ್ಮೂರು ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಕಾಲು ಗಂಟೆಯಷ್ಟು ಓದು ಹಿಡಿಸುತ್ತಿತ್ತು. ಒಂದು ಕಾದಂಬರಿ ಎಂದರೆ ಒಂದು ಪೆಟ್ಟಿಗೆ. ಸಂಗೀತದ ಎಲ್‌ಪಿ ರೆಕಾರ್ಡು ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ನಿಧಾನ ತಿರುಗುವ ದೀರ್ಘ ತಟ್ಟೆಯನ್ನು ಕಣ್ಣಿದ್ದವರ ಮನೆಗಳಿಗಿಂತ 14 ವರ್ಷ ಮೊದಲೇ ಅಂಧರು ಪುಸ್ತಕಕ್ಕಾಗಿ ಬಳಸುತ್ತಿದ್ದರು. 1952ರಲ್ಲಿ ನ್ಯೂಯಾರ್ಕಿನ ಇಬ್ಬರು ಎಳೆಯ ಪದವೀಧರೆಯರು, ಬಾರ್ಬರಾ ಕೋಹೆನ್ ಮತ್ತು ಮರಿಯಾನ್ ರೋನಿ, ಕವಿ ಡಿಲನ್ ಥಾಮಸ್‌ನ ಓದನ್ನು ಧ್ವನಿಮುದ್ರಿಸಿಕೊಂಡು ಕೇಡ್‌ಮನ್ ರೆಕಾರ್ಡ್ಸ್ ಶುರುಮಾಡಿದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಡುವಾಲ್ ಹೆಕ್ಟ್ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವವರಿಗೆಂದು ‘ಬುಕ್ಸ್ ಆನ್ ಟೇಪ್’ ತೆರೆದರು. ಕ್ಯಾಸೆಟ್ ಹೋಗಿ ಸಿ.ಡಿ., ಸಿ.ಡಿ. ಹೋಗಿ ಫೋನು. ಈಗ ಅಡುಗೆಮನೆಯಲ್ಲಿ ಕಾದಂಬರಿ ಕೇಳುತ್ತ ತರಕಾರಿ ಹೆಚ್ಚುವ ಪ್ರತಿಯೊಬ್ಬರೂ ಆ ಅಂಧ ಓದುಗರಿಗೆ ಋಣಿಗಳು.

ಇಲ್ಲೊಂದು ಕಾಕತಾಳೀಯವನ್ನು ಹೇಳಲೇಬೇಕು. ಅದೇ 1931ರಲ್ಲಿ ಮದರಾಸಿನಲ್ಲಿ ಎಸ್. ಆರ್. ರಂಗನಾಥನ್ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವುಗಳಲ್ಲೊಂದು, ಓದುಗನ ಸಮಯ ಉಳಿಸಬೇಕು ಎಂಬುದು ಮತ್ತೊಂದು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಇಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಕೇಳುವ ಪುಸ್ತಕವನ್ನೂ ಫೋನಿನ ಪತ್ರಿಕೆಯನ್ನೂ ಅವರ ಸೂತ್ರಗಳಿಗೆ ಹಚ್ಚಿ ನೋಡಿದರೆ ಎರಡೂ ಸಲೀಸಾಗಿ ಹೊಂದುತ್ತವೆ.

ಹಾಗಾದರೆ ಅವರು ಬಾಳಿದ ನಾಡಿನಲ್ಲಿ ಏನಿದೆ? ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರ ಫೆಬ್ರುವರಿಯಲ್ಲಿ ಡಿಜಿಟಲ್ ಗ್ರಂಥಾಲಯ ತೆರೆಯಿತು. ಅದಾದ ಮರುತಿಂಗಳೇ ಲಾಕ್‌ಡೌನ್ ಬಂದು, ಶಾಲೆ ಮುಚ್ಚಿದ ಮಕ್ಕಳಿಗೆ ಅದು ಆಸರೆಯಾಯಿತು. ಸದಸ್ಯತ್ವಕ್ಕೆ ಹಣ ಕೊಡಬೇಕಿಲ್ಲ. ಶಾಲಾ ಕಾಲೇಜು ಪಠ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ, ವಿಡಿಯೊ ಪಾಠಗಳಿಗೆ ಅಲ್ಲಿ ದೊಡ್ಡ ಜಾಗವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿ ಹೊಸ ಜೀವ ಪಡೆದಿವೆ. ದೃಷ್ಟಿದೋಷ ಇರುವವರಿಗೆ ಬೆಂಗಳೂರಿನ ‘ಮಿತ್ರ ಜ್ಯೋತಿ’ 1990ರಿಂದ ಇದೆ. ಅಲ್ಲಿ ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ ಪುಸ್ತಕಗಳ ಗ್ರಂಥಾಲಯವಿದೆ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ದೇಶದ ಅಂಥ ಸಂಸ್ಥೆಗಳ ಪುಸ್ತಕಗಳನ್ನು ಒಂದೆಡೆ ಸೇರಿಸಿದೆ. ಅಂಧರಿಗಾಗಿ ಪುಸ್ತಕದ ರೂಪ ಬದಲಿಸಲು ಅವಕಾಶ ಕೊಡುವ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಇದು ಹೆಮ್ಮೆಪಡಬೇಕಾದ ಸಂಗತಿ, ಆದರೆ ಯಾಕೋ ನಮ್ಮಲ್ಲಿ ಅದರ ಮಾತೇ ಬರುವುದಿಲ್ಲ.

ಸಾಮಾನ್ಯ ಕನ್ನಡ ಓದುಗನಿಗೆ ಬೇಕಾದ್ದು ಇದರ ಮುಂದಿನ ಹೆಜ್ಜೆ. ಈ ವಾರದ ‘ಸುಧಾ’, ಈ ತಿಂಗಳ ‘ಮಯೂರ’, ‘ತುಷಾರ’, ‘ಕಸ್ತೂರಿ’ಯನ್ನು ಲೈಬ್ರರಿ ಕಾರ್ಡಿನ ಮೇಲೆ ಫೋನಿನಲ್ಲಿ ಓದುವಂತಾಗಬೇಕು. ಕನ್ನಡದ ಒಳ್ಳೆಯ ಕಾದಂಬರಿಯನ್ನು ಒಳ್ಳೆಯ ಕಂಠದಲ್ಲಿ, ಸರದಿ ಹಚ್ಚಿಯಾದರೂ ಸರಿ, ಎರವಲು ಪಡೆದು ಕೇಳುವಂತಾಗಬೇಕು. ಕೇಳುವ ರುಚಿ ನಮಗೆ ಹೊಸದಲ್ಲ. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಅಕ್ಷರ ಬಾರದವರ ಮನೆಗೆ ತಲುಪಿಸಿದ್ದು ಗಮಕಿಯ ವಾಚನ ಮತ್ತು ಪಕ್ಕದಲ್ಲಿ ಕುಳಿತವರ ವ್ಯಾಖ್ಯಾನ. ಓದುವ ಕಂಠಗಳೂ ನಮ್ಮಲ್ಲಿವೆ. ರಂಗಭೂಮಿ, ಆಕಾಶವಾಣಿ ಅಂಥ ಎಷ್ಟೋ ಜನರನ್ನು ಬೆಳೆಸಿವೆ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳಲ್ಲಿ ಧ್ವನಿಪುಸ್ತಕಗಳು ಮಾರಾಟಕ್ಕೆ ಸಿಗುತ್ತಿವೆ. ಅವುಗಳನ್ನು ಗ್ರಂಥಾಲಯ ನ್ಯಾಯವಾದ ಬೆಲೆ ಕೊಟ್ಟು ಕೊಂಡು ಓದುಗರಿಗೆ ಹಂಚಿದರೆ ಲೇಖಕರು, ಓದಿದ ಕಲಾವಿದರು, ಪ್ರಕಾಶಕರು ಎಲ್ಲರೂ ಉಳಿಯುತ್ತಾರೆ. ನಮ್ಮ ಗ್ರಂಥಾಲಯಗಳು ಅಚ್ಚಾದ ಪುಸ್ತಕಗಳನ್ನು ಸಗಟು ಕೊಂಡು ಕನ್ನಡ ಪ್ರಕಾಶನಕ್ಕೆ ಆಧಾರವಾಗಿದ್ದು ಹೀಗೆಯೇ ಅಲ್ಲವೇ?

ಅಮೆರಿಕದಲ್ಲಿ ಇರುವವರಿಗೆ ಒಂದೆರಡು ಮಾತು. ಕ್ಯಾಲಿಫೋರ್ನಿಯಾದ ಬಹುತೇಕ ಗ್ರಂಥಾಲಯಗಳು ಆ ರಾಜ್ಯದ ಯಾವ ಊರಿನ ನಿವಾಸಿಗಾದರೂ ಕಾರ್ಡು ಕೊಡುತ್ತವೆ; ಎರಡು ಮೂರು ಕಾರ್ಡುಗಳನ್ನು ಒಂದೇ ಆ್ಯಪ್‌ಗೆ ಸೇರಿಸಿದರೆ ಯಾವ ಊರಿನಲ್ಲಿ ಸರದಿ ಚಿಕ್ಕದೋ ಅಲ್ಲಿಂದ ಪಡೆಯಬಹುದು. ಮನೆಯಲ್ಲಿ 13ರಿಂದ 21 ವರ್ಷದ ಮಕ್ಕಳಿದ್ದರೆ, ಅವರು ಆ ದೇಶದ ಯಾವ ರಾಜ್ಯದಲ್ಲೇ ಇರಲಿ, ಅಂಥವರಿಗೆ ಡಿಜಿಟಲ್ ಕಾರ್ಡು ಕೊಡಲು ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯ 2022ರಲ್ಲಿ ಆರಂಭಿಸಿದ ‘ಬುಕ್ಸ್ ಅನ್‌ಬ್ಯಾನ್ಡ್’ ಯೋಜನೆಯನ್ನು ವಿಚಾರಿಸಿ. ಹಲವು ಪುಸ್ತಕ ಒಟ್ಟಿಗೇ ಬಂದು ಬಿದ್ದರೆ ‘ಆಮೇಲೆ ಕೊಡಿ’ ಎಂದು ಮುಂದೂಡಬಹುದು, ಸರದಿಯಲ್ಲಿ ನಿಮ್ಮ ಜಾಗ ತಪ್ಪುವುದಿಲ್ಲ. ಅಮೆರಿಕನ್ ಉಚ್ಚಾರಣೆ ಹಿಡಿಯಲು ಕಷ್ಟವಾಗುವ ಹಿರಿಯರಿಗೆ ಓದಿನ ವೇಗ ತಗ್ಗಿಸಿ ಕೊಡಿ. ಮಲಗುವಾಗ ಕೇಳುವವರಿಗೆ, ಇಂತಿಷ್ಟು ನಿಮಿಷಕ್ಕೆ ತಾನೇ ನಿಲ್ಲುವ ಸೌಲಭ್ಯವಿದೆ. ಇಳಿಸಿಟ್ಟುಕೊಂಡರೆ ವಿಮಾನದಲ್ಲಿ ಇಂಟರ್ನೆಟ್ ಇಲ್ಲದೆಯೂ ಕೇಳಬಹುದು. ಮೂರು ನಾಲ್ಕು ತಿಂಗಳಿಗೆಂದು ಬಂದ ತಂದೆತಾಯಿಗೆ ಕಾರ್ಡು ಕೊಡುವ ನಿಯಮ ಊರಿಂದ ಊರಿಗೆ ಬೇರೆ. ಕೌಂಟರಿನಲ್ಲಿ ಕೇಳಿ ನೋಡಿ, ಸಂಕೋಚ ಬೇಡ.

ಇಲ್ಲಿರುವವರಿಗೆ ಹೇಳಬೇಕಾದ್ದು ಇಷ್ಟೇ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದು. ಅದರ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಸೇರಿರುತ್ತದೆ. ರಸೀದಿ ತೆಗೆದು ನೋಡಿ. ಡಿಜಿಟಲ್ ಗ್ರಂಥಾಲಯಕ್ಕೆ ಸದಸ್ಯರಾಗಿ, ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ, ಕನ್ನಡ ಪತ್ರಿಕೆಗಳ ಡಿಜಿಟಲ್ ಸಂಚಿಕೆ ಮತ್ತು ಕನ್ನಡದ ಧ್ವನಿಪುಸ್ತಕ ಬೇಕೆಂದು ಲಿಖಿತವಾಗಿ ಕೇಳಿ. ಸೆಸ್ ಕಟ್ಟುತ್ತಿರುವವರು ನೀವು.