ಮಾಡದಲ್ಲಿನ ಚರಗಿಗೂ ಒಂದು ಚಿತ್ರ

ತುರ್ವಿಹಾಳ ಸುತ್ತಿನ ಹಳೆಯ ಮನೆಗಳಲ್ಲಿ ಜೋಳದ ಕಾಲದ ಸಾಮಾನುಗಳು ಇನ್ನೂ ಉಳಿದಿವೆ: ಕಾಳು ಅಳೆಯುವ ಸೇರು, ಬೀಸುಕಲ್ಲು, ಹಿತ್ತಾಳೆ ಚರಗಿ, ಕಂದೀಲು, ಎಲೆ-ಅಡಿಕೆ ಸಂಚಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆ ಭತ್ತದ ನಾಡಾಯಿತು, ಹಿಟ್ಟಿನ ಗಿರಣಿ ಬಂತು, ಇವೆಲ್ಲ ಮೂಲೆ ಸೇರಿದವು. ಆದರೂ ಗುಜರಿಯವನಿಗೆ ಕೊಡಲು ಮನಸ್ಸು ಬರುವುದಿಲ್ಲ. ಪಕ್ಕದ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಕಬ್ಬಿಣ ಯುಗದ ಗೋರಿಗಳಲ್ಲಿ ಸತ್ತವರ ಜೊತೆಗಿಟ್ಟ ಮಡಕೆಗಳು ಸಿಕ್ಕಿದ್ದವು. ಮನುಷ್ಯನಿಗೂ ಅವನ ಪಾತ್ರೆಗೂ ಇರುವ ನಂಟು ಈ ನೆಲದಲ್ಲಿ ಅಷ್ಟು ಹಳೆಯದು.

ಈ ಸಾಮಾನುಗಳ ಚಿತ್ರವನ್ನು ನಮ್ಮ ಮಕ್ಕಳು ಬರೆಯಬೇಕು ಎಂಬುದು ನನ್ನ ಆಸೆ. ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಾಗಿ ವಸ್ತುಚಿತ್ರ ಕಲಿಯುವ ಮಕ್ಕಳಿದ್ದಾರೆ. ನೆರಳು-ಬೆಳಕು ಕಲಿಯಲು ಒಂದು ಬಕೆಟ್, ಎರಡು ಹಣ್ಣು ಸಾಕು ನಿಜ. ಆದರೆ ವಸ್ತುಚಿತ್ರದ ಶಕ್ತಿ ಅಷ್ಟಕ್ಕೇ ಮುಗಿಯುವುದಿಲ್ಲ.

ಚಿತ್ರಕಾರ ವಿನ್ಸೆಂಟ್ ವ್ಯಾನ್‌ಗೋನ ತಂದೆ ಪಾದ್ರಿ. 1885ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಗ ಅಪ್ಪನ ದೊಡ್ಡ ಬೈಬಲ್ಲನ್ನು ತೆರೆದಿಟ್ಟ, ಪಕ್ಕದಲ್ಲಿ ಆರಿದ ಮೇಣದಬತ್ತಿ, ಮುಂದೆ ತಾನು ಓದಿ ಸವೆಸಿದ ಎಮಿಲ್ ಜೋಲಾನ ಹಳದಿ ಹೊದಿಕೆಯ ಕಾದಂಬರಿ. ಒಂದೇ ದಿನದಲ್ಲಿ ಬರೆದು ಮುಗಿಸಿದ. ಅಪ್ಪನ ಮುಖ ಆ ಚಿತ್ರದಲ್ಲಿ ಎಲ್ಲೂ ಇಲ್ಲ. ಆದರೂ ಅಪ್ಪ-ಮಗನ ನಡುವೆ ಇದ್ದದ್ದು, ಇಲ್ಲದ್ದು ಎರಡೂ ಅಲ್ಲಿವೆ. ಇಟಲಿಯ ಜಾರ್ಜೊ ಮೊರಾಂಡಿ (1890–1964) ಮನೆಯ ಅವೇ ಶೀಸೆ, ಡಬ್ಬಿಗಳನ್ನು ದಶಕಗಟ್ಟಲೆ ಬರೆದ. ಅವುಗಳ ಮೇಲೆ ಕೂತ ಧೂಳನ್ನೂ ಒರೆಸದೆ ಬರೆದ.

ಮೊಬೈಲಿನಲ್ಲಿ ಒಂದು ಫೋಟೊ ಹೊಡೆದರೆ ಸಾಲದೇ? ಸಾಲದು. ಚರಗಿ ಬರೆಯಲು ಅದರ ಮುಂದೆ ಗಂಟೆಗಟ್ಟಲೆ ಕೂರಬೇಕು. ಬಾಯಿಯ ದುಂಡು ಸರಿಬರುವತನಕ ಅಳಿಸಿ ತಿದ್ದಬೇಕು. ಆಗ ಹೊಟ್ಟೆಯ ಮೇಲಿನ ನೆಗ್ಗು ಕಣ್ಣಿಗೆ ಬೀಳುತ್ತದೆ. “ಇದ್ಯಾಕ ನೆಗ್ಗೈತಿ, ಯಮ್ಮಾ?” ಎಂದು ಮಗು ಕೇಳುತ್ತದೆ. ಅಜ್ಜಿ ಹೇಳಲು ಶುರುಮಾಡುತ್ತಾಳೆ. ಆ ಮಾತು ಕೇಳಿದ ಮೇಲೆ ನೆಗ್ಗಿನ ನೆರಳಿಗೆ ಪೆನ್ಸಿಲ್ ಒತ್ತುವ ಬಗೆಯೇ ಬೇರೆ.

ಎಲ್ಲಕ್ಕಿಂತ ಕಷ್ಟದ ವಸ್ತು ಕೌದಿ. ಹಳೆ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದದ್ದು. ಮಡಿಕೆಗಳ ನೆರಳು, ಮಾಸಿದ ಬಣ್ಣ, ಸಾಲುಸಾಲು ಹೊಲಿಗೆ ಇವನ್ನೆಲ್ಲ ಹಿಡಿಯಲು ಪಳಗಿದ ಕೈಯೂ ತಡವರಿಸುತ್ತದೆ. ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿವೆ. ಬಂಗಾಳದ ಕಾಂಥಾ ಕೂಡ ಹಳೆ ಸೀರೆಗಳನ್ನೇ ಪದರಪದರವಾಗಿ ಹೊಲಿದು ಮಾಡುವ ಹೊದಿಕೆ. ಕೌದಿ, ಕಾಂಥಾ ಎರಡನ್ನೂ ಒಂದೇ ಬೆಂಚಿನ ಮೇಲೆ ಹಾಸಿ ಚಿತ್ರ ಬರೆಸುವ ಮೇಷ್ಟ್ರು ಈ ತಾಲ್ಲೂಕಿಗೆ ಬೇಕು. ಬಣ್ಣ ಕಲೆಸುವ ಮುಂಚೆ ಮಕ್ಕಳು ಮನೆಗೆ ಹೋಗಿ ಯಾವ ತುಂಡು ಯಾರ ಸೀರೆಯದು ಎಂದು ಕೇಳಿಕೊಂಡು ಬರಲಿ. ಹೇಳಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಬರುವ ಬೇಸಿಗೆ ರಜೆಯಲ್ಲೇ ಕೇಳಲಿ.