ಫ್ಲಾಪ್ ಕೈಕೊಟ್ಟರೆ ವಿಮಾನಕ್ಕೆ ಎಷ್ಟು ರನ್‌ವೇ ಬೇಕು?

ಬೆಂಗಳೂರು: ಇಳಿಯಬೇಕಿದ್ದ ವಿಮಾನವೊಂದು ಆಗಸದಲ್ಲೇ ಸುತ್ತು ಹೊಡೆದು, 'ತಾಂತ್ರಿಕ ದೋಷ'ದ ನಿಮಿತ್ತ ಬೇರೊಂದು ಊರಿಗೆ ತೆರಳಿತೆಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ದೋಷ ರೆಕ್ಕೆಯ ಫ್ಲಾಪ್‌ನದ್ದಾಗಿದ್ದರೆ, ಆ ಸುತ್ತಾಟದ ವೇಳೆ ಪೈಲಟ್‌ಗಳು ಮಾಡುವ ಮುಖ್ಯ ಕೆಲಸ ಒಂದು ಲೆಕ್ಕ. ನಿಲ್ಲಲು ಎಷ್ಟು ಮೀಟರ್ ಬೇಕು, ಕೆಳಗೆ ಎಷ್ಟು ಇದೆ?

ಫ್ಲಾಪ್ ಎಂದರೆ ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಚಾಚಿಕೊಳ್ಳುವ ಅಗಲ ಹಲಗೆಗಳು. ಕಿಟಕಿ ಪಕ್ಕ ಕುಳಿತವರು ಇವನ್ನು ನೋಡಿಯೇ ಇರುತ್ತಾರೆ. ಇವು ಚಾಚಿಕೊಂಡರೆ ಕಡಿಮೆ ವೇಗದಲ್ಲೂ ರೆಕ್ಕೆ ವಿಮಾನದ ಭಾರವನ್ನು ಹೊರಬಲ್ಲದು. ಚಾಚದಿದ್ದರೆ ಆ ಕೊರತೆಯನ್ನು ವೇಗದಿಂದಲೇ ತುಂಬಬೇಕು. ಬೋಯಿಂಗ್ 737-800 ವಿಮಾನದ ಫ್ಲಾಪ್‌ಗಳು ಸಂಪೂರ್ಣ ಮಡಚಿಯೇ ಉಳಿದರೆ, ಸಾಮಾನ್ಯ ಇಳಿಯುವ ವೇಗಕ್ಕೆ 55 ನಾಟ್ ಕೂಡಿಸಿಕೊಳ್ಳಬೇಕೆಂದು ಪೈಲಟ್‌ಗಳ ತುರ್ತು ಕೈಪಿಡಿ ಹೇಳುತ್ತದೆ. ಸಾಮಾನ್ಯ ವೇಗ 140 ನಾಟ್ ಎಂದಿಟ್ಟುಕೊಂಡರೆ ಅದು 195 ಆಗುತ್ತದೆ, ಅಂದರೆ ಗಂಟೆಗೆ 361 ಕಿ.ಮೀ.

ಪೇಚು ಇರುವುದು ಮುಂದಿನ ಹೆಜ್ಜೆಯಲ್ಲಿ. ಓಡುವ ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಂಬುದು ಪ್ರೌಢಶಾಲೆಯ ಪಾಠ. ವೇಗ ಶೇ. 39ರಷ್ಟು ಹೆಚ್ಚಿದರೆ ಬ್ರೇಕುಗಳು ತಡೆಯಬೇಕಾದ ಶಕ್ತಿ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ.

ಇದನ್ನೆಲ್ಲ ಅಂದಾಜಿನಲ್ಲಿ ಬಿಡುವುದಿಲ್ಲ. ಯಾವ ದೋಷಕ್ಕೆ ಎಷ್ಟು ದೂರ ಎಂಬ ಪಟ್ಟಿಯನ್ನು ತಯಾರಕರೇ ಒದಗಿಸಿರುತ್ತಾರೆ. ಆ ಮೂಲ ಅಂಕಿಗೆ ವಿಮಾನದ ತೂಕ, ಗಾಳಿ, ತಾಪಮಾನ, ರನ್‌ವೇ ಇಳಿಜಾರು, ಒದ್ದೆ ನೆಲ ಇವುಗಳ ಲೆಕ್ಕವನ್ನು ಸೇರಿಸಬೇಕು. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾದ್ದರಿಂದ, ಸಮುದ್ರಮಟ್ಟಕ್ಕೆ ಹೋಲಿಸಿದರೆ ತಡೆಯಬೇಕಾದ ಶಕ್ತಿ ಶೇ. 9ರಷ್ಟು ಅಧಿಕ. ಕೊನೆಗೆ ಬಂದ ಮೊತ್ತಕ್ಕೆ ಶೇ. 15ರ ಸುರಕ್ಷತಾ ಅಂತರ. 2005ರ ಡಿಸೆಂಬರ್‌ನಲ್ಲಿ ಷಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ವಿಮಾನವೊಂದು ಹಿಮದ ರನ್‌ವೇ ದಾಟಿ ರಸ್ತೆಗೆ ನುಗ್ಗಿ, ಕಾರಿನಲ್ಲಿದ್ದ ಬಾಲಕನೊಬ್ಬ ಅಸುನೀಗಿದ ನಂತರ, ಅಮೆರಿಕದ ನಿಯಂತ್ರಕರು 2006ರಲ್ಲಿ ಈ ಅಂತರವನ್ನು ಸೂಚಿಸಿದರು.

ಉದಾಹರಣೆಗೆ, ಎಲ್ಲ ಕೂಡಿ 2200 ಮೀಟರ್ ಬಂತೆನ್ನೋಣ. ಶೇ. 15 ಸೇರಿದರೆ 2530. ಮಂಗಳೂರಿನ ರನ್‌ವೇ ಇರುವುದು 2450 ಮೀಟರ್. ಬೇರೆ ದಾರಿಯೇ ಇಲ್ಲದಿದ್ದರೆ ಪೈಲಟ್ ಆ ಅಂತರವನ್ನು ಬಿಟ್ಟುಕೊಟ್ಟು ಇಳಿಯಬಹುದು; ಇಂಧನವಿದ್ದರೆ ತಲಾ 4000 ಮೀಟರ್‌ನ ಎರಡು ರನ್‌ವೇಗಳಿರುವ ಬೆಂಗಳೂರಿನತ್ತ ತಿರುಗುವುದೇ ಜಾಣತನ. ಎತ್ತರದ ಪಾಲನ್ನು ಕೂಡಿಸಿದರೂ ಇಲ್ಲಿ ಸಾಕಷ್ಟು ಮಿಗುತ್ತದೆ.

ಆದರೆ ವಿಮಾನ ರನ್‌ವೇಯ ಆರಂಭದಲ್ಲೇ, ಸರಿಯಾದ ಜಾಗದಲ್ಲಿ ನೆಲ ಮುಟ್ಟಿದರೆ ಮಾತ್ರ ಈ ಲೆಕ್ಕ ನಿಜ. 2010ರ ಮೇ 22ರಂದು ಮಂಗಳೂರಿನಲ್ಲಿ ತಪ್ಪಿದ್ದು ಇದೇ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ವಿಮಾನದ ಫ್ಲಾಪ್‌ಗಳಲ್ಲಿ ದೋಷವಿರಲಿಲ್ಲ. ಅತಿ ಎತ್ತರದಿಂದ, ಅತಿ ವೇಗದಿಂದ ಇಳಿದ ಅದು ನೆಲ ಮುಟ್ಟಿದ್ದು ಸುಮಾರು 5200 ಅಡಿ, ಅಂದರೆ 1585 ಮೀಟರ್ ದಾಟಿದ ಮೇಲೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯಿಂದ ಕೆ.ಆರ್. ಮಾರುಕಟ್ಟೆಯವರೆಗಿನ ನೇರ ದೂರವೇ ಆ ರನ್‌ವೇ ಎಂದು ಭಾವಿಸಿದರೆ, ಚಕ್ರ ನೆಲ ಸೋಕಿದ್ದು ಚಾಮರಾಜಪೇಟೆಯ ಮಕ್ಕಳ ಕೂಟದ ಆಸುಪಾಸಿನಲ್ಲಿ! ಇಳಿಯದೆ ಮೇಲೇರುವಂತೆ ಸಹ ಪೈಲಟ್ ಹೇಳಿದ್ದರು. ಆಗಲೂ ಗರಿಷ್ಠ ಬ್ರೇಕ್ ಹಿಡಿದಿದ್ದರೆ ವಿಮಾನ ರನ್‌ವೇಯೊಳಗೇ ನಿಲ್ಲಬಹುದಿತ್ತೆಂದು ತನಿಖಾ ವರದಿ ಹೇಳಿತು. ನಡೆದದ್ದು ಮತ್ತೆ ಮೇಲೇರುವ ಯತ್ನ. ವಿಮಾನ ಕಮರಿಗೆ ಉರುಳಿತು. 166 ಮಂದಿಯಲ್ಲಿ ಉಳಿದವರು ಎಂಟೇ ಜನ.

ಫ್ಲಾಪ್ ಇಲ್ಲದ ವಿಮಾನಕ್ಕೆ ಈ ಅಪಾಯ ಇನ್ನೂ ಹತ್ತಿರ. ಗಾಳಿಯ ತಡೆ ಕಡಿಮೆಯಾದ್ದರಿಂದ ಅದು ನೆಲ ಮುಟ್ಟದೆ ತೇಲುತ್ತಲೇ ಸಾಗಲು ನೋಡುತ್ತದೆ. 195 ನಾಟ್‌ನಲ್ಲಿ ಒಂದು ಸೆಕೆಂಡ್ ತೇಲಿದರೆ 100 ಮೀಟರ್ ರನ್‌ವೇ ಹೋಯಿತು; ನಾಲ್ಕು ಸೆಕೆಂಡಿನಲ್ಲಿ ಶೇ. 15ರ ಅಂತರವೆಲ್ಲ ಖರ್ಚು. ಹಾಗಾಗಿ ನಯವಾಗಿ ಇಳಿಸುವ ಆಸೆ ಬಿಟ್ಟು, ಗುರುತಿನ ಜಾಗದಲ್ಲಿ ಚಕ್ರವನ್ನು ಊರಿಬಿಡಬೇಕು.

ಕಾದ ಬ್ರೇಕಿನ ಬಿಸಿಗೆ ಚಕ್ರದೊಳಗಿನ ಸುರಕ್ಷತಾ ಬಿರಡೆ ಕರಗಿ, ಟೈರಿನ ಗಾಳಿ ತಾನಾಗಿ ಇಳಿದುಹೋಗುವುದೂ ಉಂಟು. ಇಂತಹ ವಿಮಾನ ಬರುವ ಮುನ್ನವೇ ಅಗ್ನಿಶಾಮಕ ವಾಹನಗಳು ರನ್‌ವೇ ಪಕ್ಕದಲ್ಲಿ ಸಾಲುಗಟ್ಟಿ ನಿಲ್ಲುವುದು ಅದಕ್ಕಾಗಿಯೇ.