ಏಕಾದಶಿಯ ತಟ್ಟೆಗೆ ಕಡಲು ದಾಟಿ ಬಂದವು

ಆಷಾಢ ಏಕಾದಶಿಯ ಹಿಂದಿನ ಸಂಜೆ ಧನಕವಡಿಯ ಕಿರಾಣಿ ಅಂಗಡಿಗಳಲ್ಲಿ ಸಾಬುದಾಣಿ, ಶೇಂಗಾ, ವರಿ, ರಾಜಗಿರಾ ಲಾಡುಗಳದೇ ಭರಾಟೆ. ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲೂ ಮರುದಿನ ಇದೇ ಫರಾಳ. ಇದೆಲ್ಲ ಋಷಿಮುನಿಗಳ ಕಾಲದ ಆಹಾರ, ಅದಕ್ಕೇ ಉಪವಾಸಕ್ಕೆ ನಡೆಯುತ್ತದೆ ಎಂಬ ನಂಬಿಕೆ ಎರಡೂ ಭಾಷೆಯವರಲ್ಲಿ ಗಟ್ಟಿಯಾಗಿದೆ.

ಸಾಬುದಾಣಿ ಖಿಚಡಿಯನ್ನೇ ತೆಗೆದುಕೊಳ್ಳಿ. ಮರಗೆಣಸಿನಿಂದ ಆದ ಸಾಬುದಾಣಿ, ಶೇಂಗಾ, ಆಲೂಗಡ್ಡೆ, ಹಸಿಮೆಣಸಿನಕಾಯಿ ನಾಲ್ಕೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು, ಪೋರ್ಚುಗೀಸರ ಹಡಗುಗಳ ಓಡಾಟ ಶುರುವಾದ ಮೇಲೆಯೇ ಇವು ನಮ್ಮ ಅಡುಗೆಮನೆ ಹೊಕ್ಕವು. ಮೆಣಸಿನಕಾಯಿ ಎಷ್ಟು ಬೇಗ ಒಗ್ಗಿತೆಂದರೆ ಪುರಂದರದಾಸರ ಹೆಸರಿನಲ್ಲಿ ಅದರ ಮೇಲೊಂದು ಹಾಡೇ ಇದೆ. ಗೆಣಸಿನ ಹೋಳುಗಳನ್ನು ತುಪ್ಪ, ಬೆಲ್ಲದಲ್ಲಿ ಬಾಡಿಸಿ ಮಾಡುವ ಸಿಹಿಯಲ್ಲೂ ಗೆಣಸು ಆಚೆಯದು. ಮೇಲೆ ಉದುರಿಸುವ ಏಲಕ್ಕಿ ನಮ್ಮ ಪಶ್ಚಿಮಘಟ್ಟದ್ದು.

ಸಾಬುದಾಣಿ ತಾಳೆಜಾತಿಯ ಮರದ ತಿರುಳು ಎನ್ನುವವರಿದ್ದಾರೆ. ಮಲಯಾದಿಂದ ಬರುತ್ತಿದ್ದ ಹಳೆಯ ಸರಕಿನ ಮಟ್ಟಿಗೆ ಅದು ನಿಜ. 1940ರ ದಶಕದಿಂದ ತಮಿಳುನಾಡಿನ ಸೇಲಂ ಸುತ್ತ ಮರಗೆಣಸಿನಿಂದ ಮಾಡುವುದು ಶುರುವಾಯಿತು. ಗೆಡ್ಡೆಯ ಸಿಪ್ಪೆ ಸುಲಿದು ಅರೆದು, ಹಾಲನ್ನು ತೊಟ್ಟಿಯಲ್ಲಿ ನಿಲ್ಲಿಸಿ, ತಳಕ್ಕೆ ಕೂತ ಹಸಿ ಪಿಷ್ಟವನ್ನು ಅಲುಗಾಡಿಸಿ ಕಾಳು ಕಟ್ಟಿಸುತ್ತಾರೆ. ಆಮೇಲೆ ಹುರಿದು ಬಿಸಿಲಿಗೆ ಹರವುತ್ತಾರೆ.

ಅಂದರೆ ಅದು ಬರೀ ಪಿಷ್ಟ. ನೂರು ಗ್ರಾಂ ಒಣ ಸಾಬುದಾಣಿಯಲ್ಲಿ ಸುಮಾರು 350 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಉಪವಾಸದ ತಿಂಡಿ ಹಗುರ ಎಂದು ನಂಬಿ ಸಕ್ಕರೆ ಕಾಯಿಲೆಯ ಹಿರಿಯರಿಗೆ ಎರಡು ಹೊತ್ತೂ ಖಿಚಡಿ ಬಡಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಉಪವಾಸದ ಅಡುಗೆಗೆ ಹಾಕುವ ಸೈಂಧವ ಲವಣಕ್ಕೂ ಇದೇ ಮಾತು: ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ರಕ್ತದೊತ್ತಡ ಇದ್ದವರಿಗೆ ವಿಶೇಷ ರಿಯಾಯಿತಿ ಏನೂ ಕೊಡುವುದಿಲ್ಲ.

ರಾಜಗಿರಾ ಪೌಷ್ಟಿಕತೆಯಲ್ಲಿ ಎಷ್ಟೋ ಮೇಲು; ನೂರು ಗ್ರಾಂಗೆ ಹದಿಮೂರು ಗ್ರಾಂನಷ್ಟು ಪ್ರೋಟೀನ್. ಕಾದ ಬಾಣಲೆಗೆ ಒಂದೊಂದೇ ಚಮಚ ಹಾಕಿ ಬಟ್ಟೆಯ ಗಂಟಿನಿಂದ ತಿರುವಿದರೆ ಆ ಸಣ್ಣ ಕಾಳು ಚಟಪಟ ಎಂದು ಬೆಳ್ಳಗೆ ಅರಳುತ್ತದೆ. ಬೆಲ್ಲದ ಪಾಕಕ್ಕೆ ಸುರಿದು, ಕೈಗೆ ನೀರು ಹಚ್ಚಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ದಂಟು, ಹರಿವೆ ನಮ್ಮಲ್ಲೂ ಹಳೆಯವು, ಆದರೆ ಕಾಳಿಗಾಗಿ ಬೆಳೆಯುವ ರಾಜಗಿರಾ ಅಮೆರಿಕದ್ದು. ಮೆಕ್ಸಿಕೋದ ಅಜ್ಟೆಕರು ಇದರ ಹಿಟ್ಟಿನಿಂದ ದೇವರ ಮೂರ್ತಿ ಮಾಡಿ, ಪೂಜಿಸಿ, ಮುರಿದು ಹಂಚಿಕೊಂಡು ತಿನ್ನುತ್ತಿದ್ದರು. ಅರಳಿಸಿದ ರಾಜಗಿರಾಕ್ಕೆ ಜೇನು ಬೆರೆಸಿದ ಅಲೆಗ್ರಿಯಾ ಎಂಬ ಸಿಹಿ ಅಲ್ಲಿ ಇಂದಿಗೂ ಇದೆ. ಭಕ್ತಿಯೂ ಸಿಹಿಯೂ ಎರಡು ಖಂಡಗಳಲ್ಲಿ ಒಂದೇ ಕಾಳಿನಲ್ಲಿ ಕೂಡಿಬಂದದ್ದು ನನಗೆ ಬಹಳ ಹಿಡಿಸುತ್ತದೆ.

ವ್ರತಕ್ಕೆ ಯಾವುದು ನಡೆಯುತ್ತದೆ, ಯಾವುದು ಇಲ್ಲ ಎಂಬ ಗೆರೆಯನ್ನು ಬೇರೆ ಕಡೆ ಎಳೆದವರೂ ನಮ್ಮಲ್ಲೇ ಇದ್ದಾರೆ. ಕಟ್ಟುನಿಟ್ಟಿನ ಮಾಧ್ವ ಮನೆಗಳಲ್ಲಿ ಏಕಾದಶಿಗೆ ಸಾಬುದಾಣಿಯೂ ಇಲ್ಲ. ಚಾತುರ್ಮಾಸ್ಯದ ಶಾಕವ್ರತದ ಅಡುಗೆಯಲ್ಲಿ ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವಿನಕಾಯಿ.

ಇನ್ನು ವರಿ, ಅಂದರೆ ಭಗರ್. ಇದು ಧಾನ್ಯವಲ್ಲ ಎಂಬ ಭಾವನೆ ತಪ್ಪು. ಹುಲ್ಲಿನ ಜಾತಿಯ ಅಪ್ಪಟ ಕಿರುಧಾನ್ಯ, ನಮ್ಮ ಸಾಮೆಯ ಬಳಗದ್ದು, ಈ ನೆಲದಲ್ಲೇ ಬೆಳೆದದ್ದು. ಉಪವಾಸದ ಹಿಟ್ಟು ಪವಿತ್ರ, ಕೆಡುವುದಿಲ್ಲ ಎಂದುಕೊಳ್ಳುವುದು ಇನ್ನೂ ಅಪಾಯ. ಹಳೆಯ ಭಗರ್ ಹಿಟ್ಟು ತಿಂದು ವಾಂತಿಭೇದಿಯಾಗಿ ಜನ ಆಸ್ಪತ್ರೆ ಸೇರಿದ ಸುದ್ದಿ ಮಹಾರಾಷ್ಟ್ರದಲ್ಲಿ ವ್ರತದ ದಿನಗಳಲ್ಲಿ ಬರುತ್ತಿರುತ್ತದೆ. ತೇವ ತಾಗಿದ ಹಿಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಬಿಡಿ ಹಿಟ್ಟು ಬೇಡ. ಕಾಳನ್ನೇ ತಂದು, ಆರಿಸಿ, ತೊಳೆದು, ಚೆನ್ನಾಗಿ ಒಣಗಿಸಿ, ಬೇಕಾದಷ್ಟನ್ನೇ ಮನೆಯಲ್ಲಿ ಬೀಸಿಕೊಳ್ಳಿ.